ಒದ್ದೆ ಕಾಯಿಲಿಗೆ ಕರೆಂಟು ಕೊಟ್ಟ ದಿನ

2018ರ ಆಗಸ್ಟ್ ತಿಂಗಳ ಕೊನೆಯ ಗುರುವಾರ, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷ. ಸ್ಥಳ, ಬಹರೈನಿನ ಮೀನಾ ಸಲ್ಮಾನಿನಲ್ಲಿರುವ ಸುಟ್ಟ ಮೋಟಾರುಗಳಿಗೆ ಹೊಸ ತಂತಿಯ ಕಾಯಿಲು ಸುತ್ತುವ ನಮ್ಮ ರಿವೈಂಡಿಂಗ್ ವರ್ಕ್‌ಶಾಪ್. ಹಾಜರಿದ್ದವರು ಇಬ್ಬರು: ಫೋರ್‌ಮನ್ ಆದ ನಾನು ಮತ್ತು ಪಂಪ್ ವಿಭಾಗದ ಮೇಸ್ತ್ರಿ. ಉಳಿದವರೆಲ್ಲ ವ್ಯಾನಿನಲ್ಲಿ ಸಿತ್ರಾದ ಸೈಟಿಗೆ ಹೋಗಿದ್ದರು. ಏಳು ಗಂಟೆ ಐದು ನಿಮಿಷಕ್ಕೆ ಮೂರನೆಯವರಾಗಿ ಮೇನೇಜರು ಬಂದರು. ಅವರು ಎಂಟೂವರೆಗಿಂತ ಮೊದಲು ಬಂದದ್ದನ್ನು ಅದಕ್ಕೂ ಹಿಂದೆ ನಾನು ಒಂದೇ ಸಲ ನೋಡಿದ್ದೆ, ವಾರ್ನಿಷ್ ಕೋಣೆಗೆ ಬೆಂಕಿ ತಗಲಿದ ದಿನ.

ಬಂದವರು ಗುಡ್ ಮಾರ್ನಿಂಗ್ ಹೇಳಲಿಲ್ಲ. ಜೇಬಿನಿಂದ ತಮ್ಮ ಇ-ಸಿಗರೇಟನ್ನು ತೆಗೆದು ನನ್ನ ಬೆಂಚಿನ ಮೇಲೆ ಇಟ್ಟರು. ಇಟ್ಟರು ಎನ್ನುವುದು ಮರ್ಯಾದೆಗೆ ಬರೆದದ್ದು.

"ಆಚಾರ್ ಅವ್ರೇ, ಇದು ಸತ್ತೋಯ್ತು. ನಿನ್ನೆ ಸಂಜೆಯಿಂದ ಬರೀ ಸುಟ್ಟ ಟೇಸ್ಟು. ಒಂದ್ಸಲ ಎಳೆದ್ರೆ ಗಂಟಲೆಲ್ಲ ಒಲೆ ಆಗುತ್ತೆ. ಒಂದೋ ಇದನ್ನ ಸರಿ ಮಾಡಿ, ಇಲ್ಲಾ ನಿಮ್ಮ ಕೀ ಕೊಡಿ."

ಕೀ ಯಾವುದೆಂದು ಹೇಳಬೇಕು. ನಮ್ಮಲ್ಲಿ ಯಾವುದಾದರೂ ಯಂತ್ರ ರಿಪೇರಿಯಲ್ಲಿದ್ದರೆ ಅದರ ಸ್ವಿಚ್ಚಿಗೆ ಬೀಗ ಹಾಕಿ, ಕೆಂಪು ಟ್ಯಾಗ್ ಕಟ್ಟುತ್ತೇವೆ. ಬೀಗ ಹಾಕಿದವನೇ ಬಂದು ತೆಗೆಯಬೇಕು. ಬೇರೆಯವರು, ಅವರು ಕಂಪನಿಯ ಮಾಲೀಕರೇ ಆಗಿರಲಿ, ಮುಟ್ಟುವಂತಿಲ್ಲ. ಈ ನಿಯಮ ತಂದವನು ನಾನು. ಮೂರು ವಾರದ ಹಿಂದೆ ಮೇನೇಜರು ತಮ್ಮ ಕೊನೆಯ ಸಿಗರೇಟು ಪ್ಯಾಕನ್ನು ನನ್ನ ಮುಂದೆ ಹಿಡಿದು, "ಇದಕ್ಕೂ ಒಂದು ಟ್ಯಾಗ್ ಹಾಕಿ" ಅಂದರು. ತಮಾಷೆಗೆ ಹೇಳಿದ್ದಿರಬಹುದು. ನಾನು ಹಾಕಿದೆ. ಪ್ಯಾಕು ಕೆಂಪು ಕಬ್ಬಿಣದ ಪೆಟ್ಟಿಗೆಯೊಳಗೆ ಹೋಯಿತು. ಪೆಟ್ಟಿಗೆಗೆ ಎರಡು ಬೀಗ, ಒಂದು ಅವರದು, ಒಂದು ನನ್ನದು. ಟ್ಯಾಗಿನಲ್ಲಿ 'ಕಾರಣ' ಎಂಬ ಜಾಗದಲ್ಲಿ ಅವರೇ ಬರೆದರು: 'ಮಗಳು ಬರುವವರೆಗೆ'.

ಮಗಳು ಹತ್ತು ವರ್ಷದವಳು. ರಜೆಗೆ ತಾಯಿಯ ಜೊತೆ ಮೈಸೂರಿಗೆ ಹೋಗಿದ್ದಳು. ಅಪ್ಪನ ಕಾರಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂರುವುದಿಲ್ಲ. ಹಿಂದೆ ಕೂತು, ಆಗಸ್ಟಿನ ಬಿಸಿಲಿನಲ್ಲೂ ಕಿಟಕಿ ಇಳಿಸಿ, ಮೂಗನ್ನು ಹೊರಗೆ ಇಡುತ್ತಾಳೆ. ಏರ್‌ಪೋರ್ಟಿನಲ್ಲಿ ಬೀಳ್ಕೊಡುವಾಗ, "ಪಪ್ಪಾ, ವೆನ್ ಐ ಕಮ್ ಬ್ಯಾಕ್ ಐ ವಿಲ್ ಚೆಕ್. ನೋ ಸ್ಮೆಲ್ ಅಂದ್ರೆ ಫ್ರಂಟ್ ಸೀಟ್" ಎಂದಿದ್ದಳಂತೆ. ಆ ಮಗು ಇಳಿಯುವುದು ಅದೇ ಗುರುವಾರ ಸಂಜೆ ಆರೂವರೆಗೆ. ಮೂರು ವಾರ ಈ ಇ-ಸಿಗರೇಟಿನ ಬಲದಿಂದ ತಡೆದುಕೊಂಡು, ಕೊನೆಯ ದಿನ ಬೆಳಿಗ್ಗೆ ಮೇನೇಜರು ನನ್ನ ಬೆಂಚಿನ ಮುಂದೆ ನಿಂತಿದ್ದರು.

ಎದುರಿನ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯಲ್ಲಿ ಬೇಕಾದಷ್ಟು ಸಿಗರೇಟು ಸಿಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ.

"ಹೊಸದು ತಗೊಂಡ್ರೆ ಸೋತ ಹಾಗೆ ಆಚಾರ್ ಅವ್ರೇ. ಇದು ಹಾಗಲ್ಲ, ಇಟ್ಟಿದ್ದನ್ನ ತೆಗೆಯೋದು. ಪ್ರೊಸೀಜರ್ ಇದೆಯಲ್ಲಾ?"

ಪ್ರೊಸೀಜರ್ ಎಂಬ ಮಾತಿಗೆ ನಾನು ಬಗ್ಗುವವನು. ನಾನು ಕೆಲಸ ಕಲಿತದ್ದು ಮುಂಬೈಯ ಒಂದು ಡಾಕ್‌ಯಾರ್ಡಿನ ಅಪ್ರೆಂಟಿಸ್ ಶಾಲೆಯಲ್ಲಿ. ಅಲ್ಲಿ ಸ್ಪ್ಯಾನರನ್ನು ತಪ್ಪು ಮೊಳೆಗೆ ತೂಗುಹಾಕಿದವನು ಸಂಜೆ ಎಲ್ಲರ ಸ್ಪ್ಯಾನರುಗಳನ್ನೂ ಒರೆಸಬೇಕಿತ್ತು. ಸಂಜೆ ನಾಲ್ಕು ಗಂಟೆಯೊಳಗೆ ರಿಪೇರಿ ಆಗದಿದ್ದರೆ ನನ್ನ ಬೀಗ ತೆಗೆಯುತ್ತೇನೆ ಎಂದು ಒಪ್ಪಿಕೊಂಡೆ. ದಾಖಲೆಗಿರಲಿ ಎಂದು ಜಾಬ್ ಕಾರ್ಡಿನಲ್ಲೂ ಬರೆದೆ. 'ವಿಭಾಗ: ಮೋಟಾರ್. ದೂರು: ಸುಟ್ಟ ರುಚಿ.'

"ನೀವು ದಿನಾ ಕಾಯಿಲು ಸುತ್ತೋರು. ಇದರಲ್ಲೂ ಇರೋದು ಒಂದು ಕಾಯಿಲೇ" ಎಂದು ಹೇಳಿ ಮೇನೇಜರು ತಮ್ಮ ಕೋಣೆಗೆ ಹೋದರು. ಹೋಗುವಾಗ ಬಾಗಿಲು ಹಾಕಿದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಬಿತ್ತು.

ಪಂಪ್ ಮೇಸ್ತ್ರಿ ಅದನ್ನು ಎತ್ತಿ ಮೊಳೆಗೆ ಹಾಕುತ್ತ, "ನಾಲ್ಕು ಗಂಟೆವರೆಗೆ ಇವರು ಹೀಗೇ ಇದ್ರೆ ಬಾಗಿಲಿಗೂ ಒಂದು ಜಾಬ್ ಕಾರ್ಡ್ ಮಾಡ್ಬೇಕಾಗ್ತದೆ ಆಚಾರ್ರೇ" ಎಂದರು. ಅವರು ಬಂಟ್ವಾಳದ ಕಡೆಯ ಬ್ಯಾರಿ. ನನಗಿಂತ ಆರು ವರ್ಷ ಚಿಕ್ಕವರು, ಹದಿನಾಲ್ಕು ವರ್ಷದಿಂದ ನನ್ನ ಎದುರು ಬೆಂಚಿನಲ್ಲಿ ಕೂತು ನನ್ನ ಕೆಲಸವನ್ನು ಟೀಕಿಸುತ್ತ ಬಂದವರು. ಮೋಟಾರಿನವರಿಗೆ ಪಂಪಿನವರೆಂದರೆ ಕೆಸರು ಮೆತ್ತಿಕೊಂಡವರು; ಪಂಪಿನವರಿಗೆ ಮೋಟಾರಿನವರೆಂದರೆ ಕೈ ಒದ್ದೆಯಾದರೆ ಅಳುವವರು. ಈ ಜಗಳ ಎಲ್ಲ ವರ್ಕ್‌ಶಾಪಿನಲ್ಲೂ ಉಂಟು.

ಏಳೂಕಾಲಿಗೆ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಲು ಶುರು ಮಾಡಿದೆ. ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡಬೇಕು, ಕೂಡಿಸುವಾಗ ಬಲದಿಂದ ಎಡಕ್ಕೆ ಬರಬೇಕು. ಬಾಯಿಗೆ ಇಡುವ ಕೊಳವೆ, ಮುಚ್ಚಳ, ಗಾಜಿನ ಟ್ಯಾಂಕು, ರಬ್ಬರ್ ರಿಂಗು ಎರಡು, ಕಾಯಿಲು, ಗಾಳಿಯ ತೂತುಗಳಿರುವ ತಳ, ಕೊನೆಗೆ ಬ್ಯಾಟರಿಯ ಡಬ್ಬಿ. ಟ್ಯಾಂಕಿನಲ್ಲಿ ಮಾವಿನಹಣ್ಣಿನ ಪರಿಮಳದ ಮಂದವಾದ ದ್ರವ ಇತ್ತು. ಅದರಲ್ಲೇ ನಿಕೋಟಿನ್ ಬೆರೆತಿರುತ್ತದೆ. ಗುಂಡಿ ಒತ್ತಿದರೆ ಕಾಯಿಲು ಕಾದು ದ್ರವ ಆವಿಯಾಗುತ್ತದೆ, ಆ ಆವಿಯನ್ನು ಎಳೆಯುತ್ತಾರೆ. ಹೊಗೆಯಾಗಲಿ ಆವಿಯಾಗಲಿ ನನಗೆ ಎರಡೂ ಸೇರುವುದಿಲ್ಲ. ಆದರೆ ಬೆಂಚಿಗೆ ಬಂದದ್ದು ಕೆಲಸ.

ಕಾಯಿಲು ಎಂದರೆ ಕಿರುಬೆರಳಿನ ತುದಿಯಷ್ಟು ದೊಡ್ಡ ಲೋಹದ ಕೊಳವೆ. ಬದಿಯಲ್ಲಿ ನಾಲ್ಕು ತೂತು, ತೂತುಗಳೊಳಗೆ ಹತ್ತಿ, ಹತ್ತಿಯ ಒಳಗೆ ತಂತಿಯ ಸುರುಳಿ. ಹತ್ತಿ ಕಪ್ಪಾಗಿತ್ತು. ಮೂಸಿ ನೋಡಿದೆ. ನಮ್ಮ ಕೆಲಸದಲ್ಲಿ ಮೂಗು ಒಂದು ಮೀಟರು. ಸುಟ್ಟ ವಾರ್ನಿಷ್ ಬೇರೆ, ಸುಟ್ಟ ರಬ್ಬರ್ ಬೇರೆ, ಸುಟ್ಟ ಹತ್ತಿ ಬೇರೆ. ಇದು ಹತ್ತಿ. ಹಳೆಯ ಕಾಲದ ಮೋಟಾರುಗಳಲ್ಲಿ ತಂತಿಯ ಮೇಲೆ ಸುತ್ತುತ್ತಿದ್ದ ಹತ್ತಿಯ ಪಟ್ಟಿ ಸುಟ್ಟರೆ ಬರುವ ವಾಸನೆ. ಮೂಗು ಸರಿಯಾಗಿಯೇ ಹೇಳಿತ್ತು. ತಲೆ ಅದನ್ನು ತಪ್ಪಾಗಿ ಬರೆದುಕೊಂಡಿತು: 'ಇನ್ಸುಲೇಶನ್ ಸುಟ್ಟಿದೆ.'

ತಂತಿಯ ರೆಸಿಸ್ಟೆನ್ಸ್ ಅಳೆದೆ. ಅರ್ಧ ಓಮ್, ಕೊಳವೆಯ ಮೇಲೆ ಬರೆದಷ್ಟೇ. ನಂತರ ತಂತಿಗೂ ಹೊರಗಿನ ಕೊಳವೆಗೂ ಮಧ್ಯೆ ಪರೀಕ್ಷೆ ಮಾಡಿದೆ. ಅಲ್ಲಿ ಸಂಪರ್ಕ ಇರಬಾರದು. ಇದ್ದರೆ ಮೋಟಾರು ಅರ್ತ್ ಆಗಿದೆ, ಕರೆಂಟು ಹೊರಮೈಗೆ ಹರಿಯುತ್ತಿದೆ, ಬಿಸಾಡಬೇಕು ಎಂದರ್ಥ. ಇದರಲ್ಲಿ ಪೂರ್ತಿ ಸಂಪರ್ಕ ಇತ್ತು.

"ಅರ್ತ್ ಆಗಿದೆ. ಕಂಡೆಮ್" ಎಂದು ಘೋಷಿಸಿದೆ.

"ಅರ್ತ್ ಆದ್ರೆ ನಮ್ಮ ಸಾರ್‌ಗೆ ತುಟಿಗೆ ಶಾಕ್ ಹೊಡೀಬೇಕಿತ್ತಲ್ಲ?" ಎಂದರು ಮೇಸ್ತ್ರಿ, ತಲೆ ಎತ್ತದೆ. "ಹೊಡೆದಿದ್ರೆ ಯಾವತ್ತೋ ಬಿಡ್ತಿದ್ರು."

ಮೇನೇಜರ ಬಳಿ ಎರಡು ಹೊಸ ಕಾಯಿಲುಗಳಿದ್ದವು, ಬದಲಿಸಲು ಅವರಿಗೆ ಬರುತ್ತಿರಲಿಲ್ಲ ಅಷ್ಟೇ. ತರಿಸಿ ಅಳೆದೆ. ಎರಡೂ ಅರ್ತ್. ಹೊಸದಾಗಿ ಕಟ್ಟಿ ಬಂದ ಎರಡೂ ಕೆಟ್ಟಿರುವುದು ಸಾಧ್ಯವಿಲ್ಲ. ಇದನ್ನು ಮಾಡಿದ್ದೇ ಹೀಗೆ, ಟಾರ್ಚಿನ ಹಾಗೆ ಮೈಯೇ ಒಂದು ತಂತಿ ಎಂದು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ನಿಮಿಷ ಬೇಕಾಯಿತು. 'ಕಂಡೆಮ್' ಎಂದು ಬರೆದದ್ದನ್ನು ಹೊಡೆದುಹಾಕಿದೆ. ನನ್ನ ಜಾಬ್ ಕಾರ್ಡಿನಲ್ಲಿ ಹೊಡೆದುಹಾಕಿದ ಪದ ಕಂಡು ವರ್ಷಗಳಾಗಿದ್ದವು. ಮೇಸ್ತ್ರಿ ಅದನ್ನು ನೋಡಲೆಂದೇ ನೀರು ಕುಡಿಯುವ ನೆಪದಲ್ಲಿ ನನ್ನ ಬೆಂಚಿನವರೆಗೆ ಬಂದುಹೋದರು.

ಹೊಸ ಕಾಯಿಲು ಹಾಕಿದರೆ ಆಯಿತು ಎಂದು ಯಾರಾದರೂ ಹೇಳುತ್ತಾರೆ. ಆದರೆ ಕಾಯಿಲು ಹಾಕುವುದಕ್ಕೂ ಒಂದು ಕ್ರಮ ಉಂಟು. ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಒದ್ದೆ ಕಾಯಿಲಿಗೆ ಕರೆಂಟು ಕೊಡಬಾರದು. ಬಹರೈನಿನ ಆಗಸ್ಟಿನಲ್ಲಿ ಗೋಡೆಯೂ ಬೆವರುತ್ತದೆ. ಹತ್ತಿಯಂಥ ವಸ್ತು ಗಾಳಿಯಿಂದಲೇ ನೀರು ಕುಡಿಯುತ್ತದೆ. ಹೊಸ ಕಾಯಿಲಿನ ಹತ್ತಿಯನ್ನು ಬೆರಳಿನಲ್ಲಿ ಒತ್ತಿ ನೋಡಿದೆ. ಸ್ವಲ್ಪ ತಂಪು ಇದೆ ಎನಿಸಿತು. ಟ್ಯಾಂಕು ಮತ್ತು ಬ್ಯಾಟರಿ ಡಬ್ಬಿ ಬಿಟ್ಟು ಉಳಿದ ಭಾಗಗಳನ್ನು ಬಿಸಿನೀರಿನಲ್ಲಿ ತೊಳೆದು, ಕಾಯಿಲಿನ ಜೊತೆಗೇ ಮೋಟಾರು ಒಣಗಿಸುವ ಓವನ್ನಿಗೆ ಇಟ್ಟೆ. ಎಂಬತ್ತು ಡಿಗ್ರಿ, ಎರಡು ಗಂಟೆ. ಆಳೆತ್ತರದ ಓವನ್ನಿನ ನಡುವಿನ ತಟ್ಟೆಯಲ್ಲಿ ಆ ಕಾಯಿಲು ಕಡಲೆಬೇಳೆಯ ಹಾಗೆ ಕಾಣುತ್ತಿತ್ತು.

ಹತ್ತೂಮುಕ್ಕಾಲಿಗೆ ಹೊರಗೆ ತೆಗೆದೆ. ಹತ್ತಿ ಗರಿಗರಿಯಾಗಿತ್ತು. ಬಲದಿಂದ ಎಡಕ್ಕೆ ಕೂಡಿಸಿದೆ. ರಿವೈಂಡ್ ಮಾಡಿದ ಮೋಟಾರನ್ನು ನಾವು ಮೊದಲು ಲೋಡ್ ಇಲ್ಲದೆ ಓಡಿಸುತ್ತೇವೆ. ಅದರಂತೆ ಇದಕ್ಕೂ ದ್ರವ ಹಾಕದೆ ಐದು ಸೆಕೆಂಡು ಗುಂಡಿ ಒತ್ತಿದೆ. ಒಳಗಿನಿಂದ ಒಂದು ಎಳೆ ಹೊಗೆ ಬಂತು. ಹೊಸ ಮೋಟಾರು ಮೊದಲ ಸಲ ಬಿಸಿಯಾದಾಗ ಸ್ವಲ್ಪ ಹೊಗೆ ಬರುವುದು ಸಹಜ. 'ಮೊದಲ ಬಿಸಿ, ಸಹಜ' ಎಂದು ಬರೆದೆ. ನಂತರ ದ್ರವ ತುಂಬಿ, ಒರೆಸಿ, ಮೇನೇಜರ ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟೆ.

ಅವರು ಉಪವಾಸ ಮುರಿಯುವವರಂತೆ ಎತ್ತಿಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ ಎಳೆದರು.

ಮೊದಲು ಕಣ್ಣು ತೆರೆಯಿತು. ಆಮೇಲೆ ಬಾಯಿ. ಕೆಮ್ಮು ಎಲ್ಲಕ್ಕಿಂತ ಕೊನೆಗೆ ಬಂದು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಿತು.

"ಏನ್ ಮಾಡಿದ್ರಿ ಇದಕ್ಕೆ? ನಿನ್ನೆ ಬರೀ ಸುಟ್ಟಿತ್ತು. ಇವತ್ತು ಸುಡುಗಾಡೇ ಇಟ್ಟಿದ್ದೀರಲ್ರೀ ಇದರೊಳಗೆ!"

"ಚೆನ್ನಾಗಿ ಒಣಗಿಸಿದ್ದೇನೆ ಸರ್. ನೋ-ಲೋಡ್ ಟೆಸ್ಟ್ ಸಹ ಮಾಡಿದ್ದೇನೆ."

"ಕೀ ಕೊಡಿ."

"ನಾಲ್ಕಾಗ್ಲಿಲ್ಲ ಸರ್."

ಅವರು ನನ್ನ ಮುಖವನ್ನು ನೋಡಿದರು. ನಾನು ಗಡಿಯಾರವನ್ನು ನೋಡಿದೆ. ಹನ್ನೊಂದು ಹತ್ತು. ಅವರು ಆ ಕಾಯಿಲು ಕೊಂಡ ಮಾಹೂಝ್ ಬಡಾವಣೆಯ ಅಂಗಡಿಗೆ ಫೋನ್ ಮಾಡಿದರು. ಆ ಅಳತೆಯದು ಮುಗಿದಿದೆ, ಸಂಜೆ ನಾಲ್ಕರ ಮೇಲೆ ಅಂಗಡಿ ತೆರೆದಾಗ ಬಂದು ನೋಡಿ, ಬಂದಿದ್ದರೆ ಕೊಡುತ್ತೇನೆ ಎಂದು ಅಂಗಡಿಯವನು ಹೇಳಿದನಂತೆ. ಉಳಿದದ್ದು ಒಂದೇ ಕಾಯಿಲು. ನಾನು ಅಳೆದು ಹಿಂದಿರುಗಿಸಿದ್ದ ಅದನ್ನು ಅವರು ಮತ್ತೆ ನನ್ನ ಕೈಯಲ್ಲಿ ಇಡುವಾಗ ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡರು.

"ಆಚಾರ್ ಅವ್ರೇ, ಅವಳು ಬಂದ ತಕ್ಷಣ ಶರ್ಟ್ ಮೂಸ್ತಾಳೆ. ಒಂದೇ ಒಂದು ಸಿಗರೇಟು ಸೇದಿದ್ರೂ ಗೊತ್ತಾಗುತ್ತೆ. ಅದು ನಂಗೂ ಗೊತ್ತು. ಆದ್ರೆ ಹೀಗೇ ಇದ್ರೆ ನಾಲ್ಕು ಗಂಟೆಗೆ ನಾನು ಸೇದ್ತೀನಿ. ಅದೂ ನಂಗೆ ಗೊತ್ತು."

ಅವರಿಗೆ ಹನ್ನೆರಡು ಗಂಟೆಗೆ ಗ್ರಾಹಕರೊಬ್ಬರ ಜೊತೆ ಮೀಟಿಂಗ್ ಇತ್ತು. ಹೋದರು. ಈ ಸಲ ಬಾಗಿಲನ್ನು ಮೆಲ್ಲಗೆ ಹಾಕಿದರು. ನನಗೆ ಅದರಿಂದ ಹೆಚ್ಚು ಬೇಸರವಾಯಿತು.

ಹನ್ನೆರಡೂವರೆಗೆ ಊಟ. ನನ್ನದು ಹದಿನೈದು ನಿಮಿಷದ ಕೆಲಸ. ಮೇಸ್ತ್ರಿ ಮೀನಿನ ಮುಳ್ಳುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಜೋಡಿಸುತ್ತ ಅರ್ಧ ಗಂಟೆ ಉಣ್ಣುವವರು. ಅಂದು ಅವರು ಬೇಗ ಎದ್ದರು. ಒಂದು ಪಂಪನ್ನು ಟೆಸ್ಟಿಗೆ ಹಾಕಬೇಕಿತ್ತು. ನಾನು ಆ ಕೊನೆಯ ಕಾಯಿಲನ್ನು ಮುಂದಿಟ್ಟುಕೊಂಡು ಕೂತಿದ್ದೆ. ಮತ್ತೆ ಓವನ್ನಿಗೆ ಇಡಬೇಕೇ, ಈ ಸಲ ನೂರು ಡಿಗ್ರಿ, ಮೂರು ಗಂಟೆ? ಎರಡು ಗಂಟೆ ಒಣಗಿಸಿದ್ದು ಸಾಲಲಿಲ್ಲವೇನೋ. ನಿಜವಾಗಿ ಹೀಗೆಯೇ ಯೋಚಿಸುತ್ತಿದ್ದೆ. ಇದನ್ನು ಬರೆಯುವುದು ಕಷ್ಟವಾದರೂ ಬರೆಯುತ್ತಿದ್ದೇನೆ.

ಎದುರಿನಲ್ಲಿ ಮೇಸ್ತ್ರಿ ಪಂಪಿನ ಮೇಲಿನ ಬಿರಡೆ ಬಿಚ್ಚಿ, ಮಗ್ಗಿನಲ್ಲಿ ನೀರು ಎತ್ತಿ ಅದರ ಹೊಟ್ಟೆಗೆ ಹುಯ್ಯುತ್ತಿದ್ದರು. ಒಳಗಿನ ಗಾಳಿ ಗುಳು ಗುಳು ಎಂದು ಮೇಲೆ ಬರುತ್ತಿತ್ತು. ಅವರು ಆತುರಪಡದೆ ಗುಳ್ಳೆ ನಿಲ್ಲುವವರೆಗೆ ಕಾದು, ಮತ್ತೊಂದು ಮಗ್ಗು ಹುಯ್ದು, ಮತ್ತೆ ಕಾದರು. ಹದಿನಾಲ್ಕು ವರ್ಷದಿಂದ ಅವರು ಹಾಗೆ ಮಾಡುವುದನ್ನು ನೋಡಿದ್ದೇನೆ. ಅದನ್ನು ಸಮಯ ಕಳೆಯುವ ಉಪಾಯ ಎಂದೇ ತಿಳಿದಿದ್ದೆ.

"ಅಷ್ಟು ಹೊತ್ತು ಎಂತಕ್ಕೆ ಸಾಹೇಬ್ರೇ? ಸ್ವಿಚ್ ಹಾಕಿ, ಅದೇ ಎಳ್ಕೊಳ್ತದೆ" ಎಂದೆ.

"ಒಣ ಹೊಟ್ಟೆಯಲ್ಲಿ ಓಡಿಸಿದ್ರೆ ಎಳ್ಕೊಳ್ಳೋದಿಲ್ಲ ಆಚಾರ್ರೇ, ಸುಟ್ಟುಕೊಳ್ತದೆ. ಮೊದಲು ಕುಡಿಸ್ಬೇಕು, ಆಮೇಲೆ ದುಡಿಸ್ಬೇಕು." ಬಿರಡೆ ಬಿಗಿಮಾಡಿ ನನ್ನ ಕಡೆ ತಿರುಗಿದರು. "ನೀವು ಬೆಳಿಗ್ಗೆ ಸಾರ್‌ನ ಸಿಗರೇಟನ್ನು ಹಪ್ಪಳದ ಹಾಗೆ ಒಣಗಿಸಿದಿರಲ್ಲ. ಅದು ಸಹ ಒಳಗೆ ಎಂತದ್ದೋ ನೀರು ಎಳೆಯುವ ಮೆಷಿನೇ ಅಲ್ವಾ?"

ನಾನು ಎದ್ದು ಹೋಗಿ ಸುಟ್ಟ ಎರಡೂ ಕಾಯಿಲುಗಳನ್ನು ಬೆಂಚಿನ ಇಕ್ಕಳವಾದ ವೈಸಿಗೆ ಕಚ್ಚಿಸಿ, ಸಣ್ಣ ಗರಗಸದಿಂದ ಉದ್ದಕ್ಕೆ ಸೀಳಿದೆ. ಕೆಟ್ಟದ್ದನ್ನು ಸೀಳಿ ನೋಡುವುದು ನಮ್ಮ ಪದ್ಧತಿ, ಬೆಳಿಗ್ಗೆಯೇ ಮಾಡಬೇಕಿತ್ತು. ಮೇನೇಜರದ್ದರಲ್ಲಿ ತಂತಿಯ ಮೇಲೆ ಸುಟ್ಟ ಬೆಲ್ಲದಂಥ ಪದರ ಕೂತಿತ್ತು, ಅದು ದ್ರವದ ಸಿಹಿ. ನನ್ನದರಲ್ಲಿ ತಂತಿ ಹೊಸದಾಗಿ ಹೊಳೆಯುತ್ತಿತ್ತು. ತಂತಿಗೆ ತಾಗಿದ ಹತ್ತಿ ಇದ್ದಿಲಾಗಿತ್ತು. ಸುಟ್ಟ ಪದರದ ಆಚೆಗೆ ಹತ್ತಿ ಬೆಳ್ಳಗಿತ್ತು.

ಹಾಗಾದರೆ ಹತ್ತಿ ಇನ್ಸುಲೇಶನ್ ಅಲ್ಲ. ದ್ರವವನ್ನು ತೂತಿನಿಂದ ಎಳೆದು ತಂತಿಗೆ ಮುಟ್ಟಿಸುವ ದಾರಿ. ಅದು ಬತ್ತಿ! ದಿನಾ ಸಂಜೆ ಕೋಣೆಗೆ ಹೋಗಿ ದೇವರ ಮುಂದೆ ದೀಪ ಹಚ್ಚುತ್ತೇನೆ. ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಬೆರಳಿನಿಂದ ಒತ್ತಿ, ಚೆನ್ನಾಗಿ ಹೀರಿದ ಮೇಲೆಯೇ ಕಡ್ಡಿ ಗೀರುತ್ತೇನೆ. ಒಣ ಬತ್ತಿಗೆ ಬೆಂಕಿ ತಾಗಿಸಿದರೆ ಏನಾಗುತ್ತದೆ ಎಂದು ಮಗುವಿಗೂ ಗೊತ್ತು. ನನಗೆ ಕೋಣೆಯಲ್ಲಿ ಗೊತ್ತಿತ್ತು. ವರ್ಕ್‌ಶಾಪಿನಲ್ಲಿ ಗೊತ್ತಿರಲಿಲ್ಲ.

ಆಗ ಗಂಟೆ ಒಂದೂಕಾಲು. ಕಾಯಿಲು ಒಂದೇ. ಅದನ್ನು ಒದ್ದೆ ಮಾಡಿ ಕರೆಂಟು ಕೊಡಬೇಕು, ಅಂದರೆ ನಾನು ಅಷ್ಟು ವರ್ಷ ಬೇರೆಯವರಿಗೆ ಮಾಡಬೇಡಿ ಎಂದು ಕೂಗಿದ್ದನ್ನೇ ಮಾಡಬೇಕು. ನನ್ನ ಕೈ ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾವುದೋ ಒಂದು ಹಂತದಲ್ಲಿ ಅದು ಒಣಗಿಸಲು ಹೋಗುತ್ತದೆ. ಜಾಬ್ ಕಾರ್ಡನ್ನು ತೆಗೆದುಕೊಂಡು 'ಮೋಟಾರ್' ಎಂಬುದನ್ನು ಹೊಡೆದುಹಾಕಿ 'ಪಂಪ್' ಎಂದು ಬರೆದೆ. ಸಹಿ ಮಾಡಿ ಎದುರು ಬೆಂಚಿಗೆ ಒಯ್ದೆ.

ಮೇಸ್ತ್ರಿ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದರು.

"ಇದು ನಿಮ್ಮ ಸಹಿಯೇ?"

"ಹೌದು."

"ಮೋಟಾರ್ ವಿಭಾಗದಿಂದ ಪಂಪ್ ವಿಭಾಗಕ್ಕೆ."

"ಓದ್ಲಿಕ್ಕೆ ಬರ್ತದಲ್ಲ ನಿಮಗೆ?"

"ಬರ್ತದೆ, ಬರ್ತದೆ. ಕಣ್ಣು ತುಂಬಾ ನೋಡುವ ಅಂತ." ಕೈ ತೊಳೆದು ಬಂದು ಕೂತರು. "ಹಾಗಾದ್ರೆ ಆ ಬಿಳಿ ಬಟ್ಟೆ ತನ್ನಿ. ನೀವು ನನ್ನ ಹೆಲ್ಪರ್. ನಾನು ಕೇಳಿದಾಗ ಕೊಟ್ರೆ ಸಾಕು, ಬುದ್ಧಿ ಹೇಳ್ಬಾರ್ದು."

ಬಟ್ಟೆ ಹಾಸಿದೆ. ಅವರು ಕಾಯಿಲಿನ ನಾಲ್ಕು ತೂತುಗಳಿಗೂ ಮಾವಿನ ದ್ರವವನ್ನು ಒಂದೊಂದೇ ಹನಿಯಾಗಿ ಬಿಟ್ಟರು. ಹತ್ತಿ ಹನಿಯನ್ನು ಹೀರಿಕೊಳ್ಳುವವರೆಗೆ ಕಾದು ಮುಂದಿನ ತೂತಿಗೆ ಹೋದರು. ಮೇಲಿನಿಂದ ಎರಡು ಹನಿ. ಟ್ಯಾಂಕಿಗೆ ಕೂರಿಸಿ, ಕುತ್ತಿಗೆಯವರೆಗೆ ತುಂಬಿಸಿ ನಿಲ್ಲಿಸಿದರು.

"ಹತ್ತು ನಿಮಿಷ" ಎಂದರು.

"ಮಂದ ಉಂಟು. ಹದಿನೈದು."

"ಹೆಲ್ಪರ್ ಮಾತಾಡ್ಬಾರ್ದು ಅಂದೆ." ಆದರೆ ಹದಿನೈದು ನಿಮಿಷ ಕಾದರು.

ಈಗ ಒಳಗಿನ ಗಾಳಿ ತೆಗೆಯಬೇಕು. ಗುಂಡಿ ಒತ್ತದೆ ಬರೇ ಬಾಯಿಂದ ನಾಲ್ಕು ಸಲ ಎಳೆದರೆ ದ್ರವ ಹತ್ತಿಯ ನಡುವಿನವರೆಗೆ ಬರುತ್ತದೆ. ಎಳೆಯುವವರು ಯಾರು? ಮೇನೇಜರು ಮೀಟಿಂಗಿನಲ್ಲಿ. ಮೇಸ್ತ್ರಿ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗಿ ಬಂದ ಮೇಲೆ ಬೀಡಿ ಬಿಟ್ಟವರು, "ಖಾಲಿ ಎಳೆದ್ರೂ ನನಗೆ ಆ ನೆನಪೇ ಬೇಡ" ಎಂದರು. ನಾನು ಮೇನೇಜರ ಬಾಯಿಗೆ ಹೋದದ್ದನ್ನು ನನ್ನ ಬಾಯಿಗೆ ಇಡುವವನಲ್ಲ. ಕೊನೆಗೆ ಬ್ಯಾಟರಿಯ ಆಸಿಡ್ ಅಳೆಯಲು ತರಿಸಿದ್ದ ಒಂದು ಹೊಸ ಹೈಡ್ರೋಮೀಟರ್ ಪೊಟ್ಟಣ ಒಡೆದು, ಅದರ ರಬ್ಬರ್ ಬುರುಡೆಯನ್ನು ಮಾತ್ರ ಕಿತ್ತು ಬಾಯಿಕೊಳವೆಗೆ ಸಿಕ್ಕಿಸಿದೆವು. ಮೇಸ್ತ್ರಿ ಬುರುಡೆಯನ್ನು ಒತ್ತಿ ಹಿಡಿದು ಬಿಟ್ಟರು. ಗಾಜಿನ ಟ್ಯಾಂಕಿನಲ್ಲಿ ಒಂದು ಗುಳ್ಳೆ ಎದ್ದಿತು. ಮತ್ತೊಂದು ಸಲ, ಮೂರು ಗುಳ್ಳೆ. ಇಬ್ಬರು ಮುದುಕರು ಒಂದು ಗಾಜಿಗೆ ಮುಖವಿಟ್ಟು ಗುಳ್ಳೆ ಎಣಿಸುತ್ತ ಕೂತಿದ್ದೆವು.

ಎರಡೂಮುಕ್ಕಾಲಿಗೆ ಬಟ್ಟೆಯ ಮೇಲೆ ಕಲೆ ಕಂಡಿತು. ತಳದಿಂದ ಸೋರುತ್ತಿತ್ತು. ನೋಡಿದರೆ ತಳದ ರಬ್ಬರ್ ರಿಂಗು ಒಂದು ಕಡೆ ಕಚ್ಚಿ ಹರಿದಿತ್ತು. ಬೆಳಿಗ್ಗೆ ಕೂಡಿಸಿದವನು ನಾನು. ಮೋಟಾರಿನವರು ಬಿಗಿ ಮಾಡುವ ಬಲದಲ್ಲಿ ಬಿಗಿ ಮಾಡಿದ್ದೆ.

"ಇದಕ್ಕೇ ಹೇಳೋದು, ಸೀಲ್ ಎಲ್ಲ ಪಂಪಿನವರಿಗೆ ಬಿಡಿ ಅಂತ" ಎಂದು ಮೇಸ್ತ್ರಿ ತಮ್ಮ ರಿಂಗುಗಳ ಡಬ್ಬಿ ತೆರೆದರು. ಆ ಡಬ್ಬಿಯಲ್ಲಿ ಬಳೆಯಷ್ಟು ದೊಡ್ಡದರಿಂದ ಮೂಗುತಿಯಷ್ಟು ಚಿಕ್ಕದರವರೆಗೆ ಇದ್ದವು. ಹದಿಮೂರನೆಯದು ಸರಿಯಾಗಿ ಕೂತಿತು. ಮತ್ತೆ ತುಂಬಿಸಿ, ಮತ್ತೆ ಹದಿನೈದು ನಿಮಿಷಕ್ಕೆ ಇಟ್ಟೆವು.

ಆ ಹೊತ್ತಿನಲ್ಲಿ ನಾನು ಬ್ಯಾಟರಿ ಡಬ್ಬಿಯ ಪರದೆಯನ್ನು ನೋಡಿದೆ. ಅರವತ್ತೈದು ವಾಟ್‌ಗೆ ಇಟ್ಟಿತ್ತು. ಕಾಯಿಲಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಮೂವತ್ತರಿಂದ ನಲವತ್ತು ಎಂದು ಬರೆದಿತ್ತು. ಮೂಲ ರೋಗ ಇಲ್ಲಿತ್ತು. ಮಗಳು ಬರುವ ದಿನ ಹತ್ತಿರ ಬಂದಂತೆ ಮೇನೇಜರು ವಾಟ್ ಏರಿಸಿದ್ದಾರೆ, ಒಂದರ ಹಿಂದೆ ಒಂದು ಎಳೆದಿದ್ದಾರೆ. ಹತ್ತಿಗೆ ಮತ್ತೆ ನೆನೆಯಲು ಪುರುಸೊತ್ತು ಕೊಟ್ಟಿಲ್ಲ. ಪ್ರತಿ ಮೋಟಾರಿಗೂ ಗಂಟೆಗೆ ಇಷ್ಟೇ ಸಲ ಸ್ಟಾರ್ಟ್ ಮಾಡಬೇಕು ಎಂಬ ಮಿತಿ ಇರುತ್ತದೆ. ಇಷ್ಟಾದರೂ ನನ್ನ ವಿದ್ಯೆ ಉಪಯೋಗಕ್ಕೆ ಬಂತಲ್ಲ ಎಂದು ಸಮಾಧಾನವಾಯಿತು.

ಮೂರೂವರೆಗೆ ಮೇನೇಜರು ಬಂದರು. ತಮ್ಮ ಬೀಗದ ಕೀಯನ್ನು ಆಗಲೇ ಕೈಯಲ್ಲಿ ಹಿಡಿದಿದ್ದರು.

"ಆಯ್ತಾ?"

"ಕುಡೀತಾ ಉಂಟು ಸಾರ್" ಎಂದರು ಮೇಸ್ತ್ರಿ.

"ಏನು?"

"ಹತ್ತಿ. ಎಂಟು ನಿಮಿಷ ಉಂಟು. ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಕೆಂಪು ಪೆಟ್ಟಿಗೆಯ ಹತ್ತಿರ ಹೋಗಿ ತಮ್ಮ ಬೀಗವನ್ನು ತೆಗೆದೇಬಿಟ್ಟರು. ಉಳಿದದ್ದು ನನ್ನದು. ನನ್ನ ಕೀ ಶರ್ಟಿನ ಜೇಬಿನಲ್ಲಿತ್ತು. ಅದರ ಮೇಲೆ ಕೈ ಇಟ್ಟುಕೊಂಡೇ ಡಬ್ಬಿಯನ್ನು ಇಪ್ಪತ್ತು ವಾಟ್‌ಗೆ ಇಳಿಸಿದೆ. ಮೇಸ್ತ್ರಿ ರಬ್ಬರ್ ಬುರುಡೆಯಿಂದಲೇ ಎಳೆಯುತ್ತ ಎರಡು ಸಲ ಗುಂಡಿ ಒತ್ತಿದರು. ಬುರುಡೆ ಬಿಡಿಸಿ ನನ್ನ ಮೂಗಿಗೆ ಹಿಡಿದರು. ಮೂಸಿದೆ. ಸುಟ್ಟ ಹತ್ತಿಯ ವಾಸನೆ ಇಲ್ಲ. ಇಪ್ಪತ್ತೈದು ವಾಟ್. ಹತ್ತಿ ಇಲ್ಲ. ಎರಡು ನಿಮಿಷ ಬಿಟ್ಟು ಮೂವತ್ತು. ಬರೀ ಮಾವು.

ಮೂರು ಐವತ್ತೆರಡಕ್ಕೆ ಮೇನೇಜರ ಕೈಗೆ ಕೊಟ್ಟೆವು. ಬೆಳಿಗ್ಗೆಯ ಅನುಭವದಿಂದ ಅವರು ಸಾಸರಿನಲ್ಲಿ ಬಿಸಿ ಚಹಾ ಕುಡಿಯುವವರಂತೆ ತುಟಿ ಮುಂದೆ ಮಾಡಿ, ಚೂರೇ ಚೂರು ಎಳೆದರು. ನಿಂತರು. ಮತ್ತೆ ಎಳೆದರು, ಈ ಸಲ ಪೂರ್ತಿ. ಭುಜ ಎರಡು ಇಂಚು ಕೆಳಗಿಳಿಯಿತು. ಮೂರನೆಯದಕ್ಕೆ ತಕ್ಷಣ ಬಾಯಿಗೆ ಒಯ್ದರು.

"ನಿಲ್ಲಿ ಸಾರ್!" ಮೇಸ್ತ್ರಿ ಎಷ್ಟು ಜೋರಾಗಿ ಕೂಗಿದರೆಂದರೆ ಮೇನೇಜರು ಕೈಯನ್ನು ಬೆನ್ನ ಹಿಂದೆ ಅಡಗಿಸಿದರು. "ಎಣಿಸಿ! ಇಪ್ಪತ್ತರವರೆಗೆ ಎಣಿಸಿ, ಆಮೇಲೆ."

"ಮೂವತ್ತೈದು ವಾಟ್ ಮೀರಬಾರದು" ಎಂದು ನಾನು ಸೇರಿಸಿದೆ. "ಗಂಟೆಗೆ ಇಷ್ಟು ಅಂತ ಲಿಮಿಟ್ ಇಡಿ ಸರ್. ಮುಂದಿನ ಸಲ ಸಿಹಿ ಕಡಿಮೆ ಇರುವ ದ್ರವ ತನ್ನಿ."

"ಇದನ್ನೂ ಆರು ತಿಂಗಳಲ್ಲಿ ಬಿಡ್ತೀನಿ ಆಚಾರ್ ಅವ್ರೇ."

ಅದಕ್ಕೆ ನಾನು ಟ್ಯಾಗ್ ಬರೆಯಲಿಲ್ಲ.

ನಾಲ್ಕು ಗಂಟೆಯಾಯಿತು. ಕೆಲಸ ಮುಗಿಯಿತೆಂದು ನಾನು ಬಟ್ಟೆ ಮಡಚುತ್ತಿದ್ದೆ. ಮೇನೇಜರು ಪೆಟ್ಟಿಗೆಯ ಹತ್ತಿರವೇ ನಿಂತು, "ನಿಮ್ಮ ಬೀಗಾನೂ ತೆಗೀರಿ" ಎಂದರು.

"ರಿಪೇರಿ ಆಯಿತಲ್ಲ ಸರ್."

"ಆಯ್ತು. ಅದಕ್ಕೇ ತೆಗೀರಿ. ಈ ಪ್ಯಾಕ್ ಇಲ್ಲೇ ಇದ್ರೆ ಪ್ರತಿ ಸಲ ಇ-ಸಿಗರೇಟು ಕೆಟ್ಟಾಗ ನಾನು ಕೀ ಹಿಡ್ಕೊಂಡು ಬರ್ತೀನಿ. ಇವತ್ತು ಆಗಲೇ ಅರ್ಧ ಪೆಟ್ಟಿಗೆ ತೆಗೆದಾಗಿದೆ. ನೀವೇ ನೋಡಿದ್ರಲ್ಲ."

ತೆಗೆದೆ. ಅವರು ಪ್ಯಾಕನ್ನು ಎತ್ತಿ, ಒಂದು ಕ್ಷಣ ಮೂಗಿನ ಹತ್ತಿರ ಒಯ್ಯಲು ಹೋಗಿ, ಮೇಸ್ತ್ರಿ ನೋಡುತ್ತಿರುವುದನ್ನು ಕಂಡು ಕೈ ಇಳಿಸಿದರು. ಕಸದ ಬುಟ್ಟಿಯ ಕಡೆ ನಡೆದರು. ನಾನು ಅಡ್ಡ ನಿಂತೆ.

"ಹಾಗೆ ಹಾಕುವಂತಿಲ್ಲ ಸರ್. ಪಕ್ಕದಲ್ಲಿ ವಾರ್ನಿಷ್ ಉಂಟು, ಥಿನ್ನರ್ ಉಂಟು. ಇಂಥದ್ದನ್ನು ಒಣದಾಗಿ ಬುಟ್ಟಿಗೆ ಹಾಕಬಾರದು ಅಂತ ನಿಯಮ. ನೀರಿನಲ್ಲಿ ನೆನೆಸಿ ಹತ್ತು ನಿಮಿಷ ಬಿಡಬೇಕು."

"ಹತ್ತು ನಿಮಿಷಾನಾ?"

"ಮಂದ ಇದ್ರೆ ಹದಿನೈದು" ಎಂದರು ಮೇಸ್ತ್ರಿ.

ಬಕೆಟಿನಲ್ಲಿ ನೀರು ತಂದೆ. ಮೇನೇಜರು ಪ್ಯಾಕು ಬಿಡಿಸಿ ಇಪ್ಪತ್ತನ್ನೂ ಒಂದೊಂದಾಗಿ ಹಾಕಿದರು. ನೀರು ಹಳದಿಯಾಗುವುದನ್ನು ಮೂವರೂ ಸುತ್ತ ನಿಂತು ನೋಡಿದೆವು. ಆ ಹತ್ತು ನಿಮಿಷದ ನಡುವೆ ಅವರು ಒಮ್ಮೆ ಇ-ಸಿಗರೇಟಿನ ಜೇಬಿಗೆ ಕೈ ಹಾಕಿದರು. ಎಣಿಸುತ್ತಿದ್ದಾರೆಂದು ತುಟಿಯಿಂದ ತಿಳಿಯಿತು.

ಹೊರಡುವ ಮೊದಲು ನನ್ನ ಮುಂದೆ ಬಂದು ಕಾಲರ್ ಎಳೆದು ಹಿಡಿದರು. "ಆಚಾರ್ ಅವ್ರೇ, ನಿಮ್ಮ ಮೂಗು ಮೀಟರ್ ಅಂತೀರಲ್ಲ. ಒಂದ್ಸಲ ಚೆಕ್ ಮಾಡಿ."

ಮೂಸಿದೆ. ಎಡ ಭುಜ, ಬಲ ಭುಜ, ತೋಳು. ಅವಸರ ಮಾಡಲಿಲ್ಲ. ಸಂಜೆ ಇನ್ನೊಂದು ಮೂಗು ಇದೇ ಕೆಲಸ ಮಾಡಲಿತ್ತು, ಅದು ನನ್ನದಕ್ಕಿಂತ ಐವತ್ತು ವರ್ಷ ಹೊಸದು.

"ಸ್ವಲ್ಪ ವಾರ್ನಿಷ್ ಉಂಟು ಸರ್. ಅದು ನಮ್ಮದು. ಬೇರೆ ಏನಿಲ್ಲ."

ಅಂಗಳದಲ್ಲಿ ಅವರು ಕಾರು ಹೊರಡಿಸುವ ಮೊದಲು ನೋಡಿದೆ. ಮುಂದಿನ ಸೀಟಿನ ಮೇಲಿದ್ದ ಫೈಲುಗಳನ್ನೆಲ್ಲ ಎತ್ತಿ ಹಿಂದಿನ ಸೀಟಿಗೆ ಹಾಕುತ್ತಿದ್ದರು.

ಉಳಿದದ್ದು ಟ್ಯಾಗ್. ಬೀಗ ತೆಗೆದ ಮೇಲೆ ಟ್ಯಾಗಿನ ಹಿಂಬದಿ ತುಂಬಿಸದೆ ಬಿಡುವಂತಿಲ್ಲ. 'ತೆಗೆದ ಕಾರಣ' ಎಂಬಲ್ಲಿ 'ಮಗಳು ಬಂದಳು' ಎಂದು ಬರೆಯಲು ಹೋದೆ. ವಿಮಾನ ಇನ್ನೂ ಇಳಿದಿರಲಿಲ್ಲ. ಆಗದೆ ಇರುವುದನ್ನು ಬರೆಯುವ ಅಭ್ಯಾಸ ನನಗಿಲ್ಲ. 'ಒಳಗಿದ್ದದ್ದು ಇನ್ನು ಬೇಡ' ಎಂದು ಬರೆದು ಸಹಿ ಮಾಡಿದೆ. ಮೇಸ್ತ್ರಿ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿ, ಕೆಳಗೆ 'ಪಂಪ್ ವಿಭಾಗ' ಎಂದು ನನ್ನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರೆದರು. ಬಕೆಟಿನ ನೀರು ಬಸಿದು, ನೆನೆದದ್ದನ್ನು ಚೀಲದಲ್ಲಿ ಕಟ್ಟಿ ಹೊರಗಿನ 
ಡ್ರಮ್ಮಿಗೆ ಹಾಕಿ, ಬಕೆಟನ್ನು ತೊಳೆದು ಅದರ ಮೊಳೆಗೆ ಬೋರಲಾಗಿ ತೂಗುಹಾಕಿದೆ. ಐದು ಗಂಟೆ ಐದು ನಿಮಿಷ.